ವಾರಕ್ಕೆ ಮೂರು ದಿನ ಕಣ್ಣು ನೋಡುವ ಕೆಲಸ: ನಿಮ್ಮ ಪ್ರಶ್ನೆ, ನನ್ನ ಉತ್ತರ

ನಾನು ಧಾರವಾಡದಲ್ಲಿರುವ ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಅಳೆದು ಚಷ್ಮಾದ ನಂಬರ್ ಕೊಡುವವಳು. ವಾರಕ್ಕೆ ಮೂರು ಬೆಳಿಗ್ಗೆ ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ, ಎರಡು ಸಂಜೆ ಧಾರವಾಡದ ಒಂದು ಚಷ್ಮಾ ಅಂಗಡಿಯಲ್ಲಿ ಕಣ್ಣು ನೋಡುತ್ತೇನೆ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ಹೋದ ತಿಂಗಳು ಈ ಅಂಕಣದಲ್ಲಿ ಅದರ ಬಗ್ಗೆ ಎರಡು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅದೇ ವಿಷಯ ಜಾಸ್ತಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಆಪ್ಟೋಮೆಟ್ರಿ ಪದವಿ (ಬಿ.ಆಪ್ಟೋಮ್) ಮುಗಿಸಿ ಮೂರು ವರ್ಷ ಕೆಲಸ ಮಾಡಿದೆ. ಮಗ ಹುಟ್ಟಿದ ಮೇಲೆ ಬಿಟ್ಟೆ, ಐದು ವರ್ಷ ಆಯಿತು. ಈಗ ಅವನು ಶಾಲೆಗೆ ಹೋಗುತ್ತಾನೆ. ಒಂದು ಚಷ್ಮಾ ಅಂಗಡಿಯವರು ದಿನಾ ಸಂಜೆ 5ರಿಂದ 8ರವರೆಗೆ ಬನ್ನಿ, ಸಂಬಳದ ಮೇಲೆ ಪ್ರತಿ ಚಷ್ಮಾಕ್ಕೆ ಇಷ್ಟು ಅಂತ ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ. ಒಂದು ಕಣ್ಣಿನ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಕೆಲಸ ಇದೆ, ಆದರೆ ದುಡ್ಡು ಕಡಿಮೆ. ಯಾವುದು ಹಿಡಿಯಲಿ? ಕಣ್ಣಿಗೆ ಬೆಳಕು ಬಿಟ್ಟು ನಂಬರ್ ತೆಗೆಯುವ ರೆಟಿನೋಸ್ಕೋಪ್ ಮುಟ್ಟಿ ಐದು ವರ್ಷ ಆಗಿದೆ, ಕೈ ತಿರುಗುತ್ತದೋ ಇಲ್ಲವೋ ಅಂತ ಭಯ. ಮನೆಯಲ್ಲಿ "ಅರ್ಧ ಕೆಲಸಕ್ಕೆ ಇಷ್ಟು ಒದ್ದಾಟ ಯಾಕೆ" ಅಂತಾರೆ.
— ಹೆಸರು ಬೇಡ, ಗದಗ

ಉತ್ತರ: ತಂಗಿ, ಮೊದಲು ಭಯದ ಮಾತು. ನನ್ನ ಮಗಳಿಗೆ ಎರಡೂವರೆ ವರ್ಷ ಆದಾಗ ನಾನೂ ಇದೇ ಭಯ ಇಟ್ಟುಕೊಂಡು ಕೂತಿದ್ದೆ. ಹಳೇ ರೆಟಿನೋಸ್ಕೋಪ್ ಬೀರುವಿನಲ್ಲಿತ್ತು. ಹೊಸ ಬ್ಯಾಟರಿ ಹಾಕಿ, ರಾತ್ರಿ ಊಟ ಆದ ಮೇಲೆ ಪಡಸಾಲೆಯ ದೀಪ ಆರಿಸಿ, ಮನೆಯವರನ್ನೇ ಒಬ್ಬೊಬ್ಬರಾಗಿ ಕೂರಿಸಿದೆ. ಪಾಪೆಯೊಳಗೆ ಆ ಕೆಂಪು ಪಟ್ಟಿ ಕಾಣುತ್ತದಲ್ಲ, ಅದು ನನ್ನ ಬೆಳಕಿನ ಜೊತೆಗೇ ಸರಿದರೆ ಪ್ಲಸ್ ಗಾಜು ಹಾಕು, ಎದುರು ಸರಿದರೆ ಮೈನಸ್. ಪಾಪೆ ಪೂರ್ತಿ ಒಮ್ಮೆಲೇ ಬೆಳಗಿದರೆ ಅಲ್ಲಿಗೆ ನಿಲ್ಲಿಸು. 67 ಸೆಂ.ಮೀ. ದೂರದಲ್ಲಿ ಕೂತಿದ್ದರೆ ಬಂದ ನಂಬರಿನಲ್ಲಿ 1.50 ಕಳೆ. ಮೊದಲ ಎರಡು ರಾತ್ರಿ ಕೈ ನಡುಗಿತು. ನಾಲ್ಕನೇ ರಾತ್ರಿ ಅತ್ತೆಯ ಎಡಗಣ್ಣಿನಲ್ಲಿ ಪಟ್ಟಿ ನೆಟ್ಟಗೆ ಕಾಣಲೇ ಇಲ್ಲ. ಮಬ್ಬು, ನಡುನಡುವೆ ಕಪ್ಪು ಗೀರು. ಪೊರೆ ಶುರುವಾಗಿತ್ತು. ಅವರು ಅಲ್ಲಿಯವರೆಗೆ "ದೀಪದ ಬೆಳಕೇ ಕಡಿಮೆ ಆಗೈತಿ" ಅಂತ ಹೇಳುತ್ತಿದ್ದರು, ನಾವು ಬಲ್ಬ್ ಬದಲಿಸಿದ್ದೆವು. ಅವತ್ತು ನನಗೆ ಗೊತ್ತಾಯಿತು, ಕೈ ಏನೂ ಮರೆತಿಲ್ಲ ಅಂತ. ನೀವೂ ಹತ್ತು ದಿನ ಮನೆಯಲ್ಲೇ ನೋಡಿ. ಒಬ್ಬರದೇ ಕಣ್ಣು ಮೂರು ಸಲ ನೋಡಿ, ಮೂರೂ ಸಲ ಹೆಚ್ಚುಕಮ್ಮಿ ಒಂದೇ ನಂಬರ್ ಬಂದರೆ ಹೊರಗೆ ಹೊರಡಬಹುದು.

ಈಗ ಯಾವುದು ಹಿಡಿಯಬೇಕು ಅನ್ನುವುದು. ಮೊದಲ ಒಂದು ವರ್ಷ ಆಸ್ಪತ್ರೆ. ದುಡ್ಡು ಕಡಿಮೆ ಅನ್ನುವುದು ನಿಜ, ಆದರೂ ಅದೇ. ಕಾರಣ ಹೇಳುತ್ತೇನೆ. ಅಂಗಡಿಯಲ್ಲಿ ನೀವು ಒಬ್ಬರೇ. ಎದುರಿಗೆ ಕೂತವರಿಗೆ ಯಾವ ಗಾಜು ಹಾಕಿದರೂ ಅಕ್ಷರ ಪಟ್ಟಿಯ 6/12 ಸಾಲಿನ ಮುಂದೆ ಓದಲು ಆಗುತ್ತಿಲ್ಲ, ಸಣ್ಣ ತೂತಿನಿಂದ ನೋಡಿಸುವ ಪಿನ್‌ಹೋಲ್ ಇಟ್ಟರೂ ಇಲ್ಲ ಅಂದರೆ ತೊಂದರೆ ನಂಬರಿನದಲ್ಲ. ಕಣ್ಣಿನೊಳಗೆ ಏನೋ ಇದೆ. ಆಸ್ಪತ್ರೆಯಲ್ಲಿ ಅದು ಏನು ಅಂತ ಅದೇ ದಿನ ಗೊತ್ತಾಗುತ್ತದೆ. ಪಕ್ಕದ ಕೋಣೆಯಲ್ಲಿ ಡಾಕ್ಟರು ಕಣ್ಣಿಗೆ ಔಷಧದ ಹನಿ ಹಾಕಿ ಹಿಂದಿನ ಪರದೆ ನೋಡುತ್ತಾರೆ, ಕರೆದು ತೋರಿಸುತ್ತಾರೆ. ಐದು ವರ್ಷದಲ್ಲಿ ನಿಮ್ಮ ಕೈಗಿಂತ ಜಾಸ್ತಿ ತುಕ್ಕು ಹಿಡಿದಿರುವುದು ಈ ಅಂದಾಜು. ಅದು ನಾಲ್ಕು ಜನರ ಮಧ್ಯೆ ಕೆಲಸ ಮಾಡಿದರೇ ಮರಳುವುದು.

ಅಂಗಡಿ ಬೇಡವೇ ಬೇಡ ಅಂತಲ್ಲ. ನಾನೂ ಹೋಗುತ್ತೇನೆ, ಸಂತೋಷದಿಂದ ಹೋಗುತ್ತೇನೆ. ಹಬ್ಬದ ಹಿಂದಿನ ದಿನ ಚಷ್ಮಾ ಮುರಿದುಕೊಂಡು ಬಂದವರು, ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬೋರ್ಡ್ ಕಾಣುತ್ತಿಲ್ಲ ಎಂದು ಅಳುವ ಸಪ್ತಾಪುರದ ಹುಡುಗರು, ಇವರೆಲ್ಲ ಆಸ್ಪತ್ರೆಯವರೆಗೆ ಬರುವುದೇ ಇಲ್ಲ. ಆದರೆ ಅಂಗಡಿಯವರ ಜೊತೆ ಕೂತು ಕೆಲವು ಮಾತು ಮೊದಲೇ ಆಡಿಕೊಳ್ಳಬೇಕು. ನಾನು ಆಡಿಕೊಳ್ಳದೆ ಹೋಗಿದ್ದಕ್ಕೆ ಒಬ್ಬರು ಮೂರು ವಾರ ಕಷ್ಟಪಟ್ಟರು.

ಅದು ಕೆಲಸಕ್ಕೆ ಮರಳಿದ ಎರಡನೇ ವರ್ಷ. ಗುರುವಾರ ಮತ್ತು ಶನಿವಾರ ಸಂಜೆ ಒಂದು ಅಂಗಡಿಗೆ ಹೋಗುತ್ತಿದ್ದೆ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಒಬ್ಬರು ಬಂದರು. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿದೆಯಾ ಅಂತ ನೋಡುವ ಕೆಲಸ. ಬಲಗಣ್ಣಿಗೆ ಸಿಲಿಂಡರ್ ನಂಬರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುವ ಗಾಜಿನದು, ಮೈನಸ್ 1.25. ಆ ಗಾಜು ಕೂರಬೇಕಾದ ಕೋನ, ಅಂದರೆ ಆಕ್ಸಿಸ್, 80. ನಾನು ಚೀಟಿಯಲ್ಲಿ ಎರಡರ ಮಧ್ಯೆ ಒಂದು ಗೀಟು ಹಾಕಿ 80 ಎಂದು ಬರೆದೆ. ಆರ್ಡರ್ ಪುಸ್ತಕಕ್ಕೆ ಇಳಿಸಿದ ಹುಡುಗ ಆ ಗೀಟನ್ನು ಒಂದು ಅಂತ ಓದಿದ. 180 ಆಯಿತು. ಚಷ್ಮಾ ಹಾಗೇ ತಯಾರಾಯಿತು.

ಅವರು ಸೋಮವಾರ ಬಂದು ತಲೆನೋವು ಅಂದರು. ನಾನು ಇರಲಿಲ್ಲ. "ಹೊಸಾದಲ್ರೀ, ರೂಢಿ ಆಗತೈತಿ" ಅಂತ ಕಳಿಸಿದರು. ಮುಂದಿನ ಬುಧವಾರ ಮತ್ತೆ ಬಂದರು. ನಾನು ಇರಲಿಲ್ಲ. ಮತ್ತೆ ಅದೇ ಉತ್ತರ. ಅವರಿಗೆ ಸಂಜೆ ಪಾಳಿ ಇರುತ್ತಿತ್ತು, ನನ್ನ ದಿನಕ್ಕೆ ಬರಲು ಆಗುತ್ತಿರಲಿಲ್ಲ. ಮೂರನೇ ವಾರ ಒಂದು ಶನಿವಾರ ರಜೆ ಹಾಕಿ ಬಂದು ನನ್ನೆದುರು ಕೂತರು. "ಅಕ್ಕಾರ, ಇದನ್ನ ಹಾಕ್ಕೊಂಡ್ರ ನೆಲ ವಾರಿ ಕಾಣತೈತ್ರಿ. ಮಷೀನ್ ಮುಂದ ನಿಂದ್ರಾಕ ಹೆದರಿಕಿ ಆಗತೈತಿ" ಅಂದರು. ಗಾಜಿನ ನಂಬರ್ ಅಳೆಯುವ ಲೆನ್ಸೋಮೀಟರಿನಲ್ಲಿ ಇಟ್ಟು ನೋಡಿದೆ. ಅರ್ಧ ನಿಮಿಷ ಸಾಕಾಯಿತು. ಸಿಲಿಂಡರ್ ಗಾಜು ಅಷ್ಟು ತಪ್ಪು ಕೋನದಲ್ಲಿ ಕೂತರೆ ಕಣ್ಣಿನ ದೋಷ ಹೋಗುವುದಿರಲಿ, ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಆ ಮನುಷ್ಯ ಮೂರು ವಾರ ಅದನ್ನು ಹಾಕಿಕೊಂಡು ಬಣ್ಣ ಹೊಂದಿಸಿದ್ದರು. ನಾನು ಕೈ ಮುಗಿದು ತಪ್ಪಾಯಿತು ಅಂದೆ. ಅವರು ಒಂದು ಮಾತೂ ಆಡಲಿಲ್ಲ, ಗಾಜು ಬದಲಿಸಿಕೊಂಡು ಹೋದರು. ಅದು ಇನ್ನೂ ನನ್ನನ್ನು ಚುಚ್ಚುತ್ತದೆ.

ಅರ್ಧ ದಿನದ ಕೆಲಸದ ತೊಂದರೆ ಇರುವುದು ಇಲ್ಲೇ, ತಂಗಿ. ನಾವು ಇದ್ದ ದಿನ ಎಲ್ಲ ಸರಿ ಇರುತ್ತದೆ. ನಾವು ಇಲ್ಲದ ದಿನ ವಾಪಸ್ ಬಂದವರನ್ನು ಯಾರು ನೋಡುತ್ತಾರೆ? ಅದನ್ನು ಕೇಳಿ. ಸಂಬಳಕ್ಕಿಂತ ಮೊದಲು ಕೇಳಿ. ಅವತ್ತಿನಿಂದ ನಾನು ಆಕ್ಸಿಸನ್ನು ಮೂರು ಅಂಕಿಯಲ್ಲೇ ಬರೆಯುತ್ತೇನೆ, 80 ಇದ್ದರೆ 080. ಗೀಟು ಹಾಕುವುದಿಲ್ಲ. ಅಂಗಡಿಯಲ್ಲೇ ಒಂದು ರಿಜಿಸ್ಟರ್ ಇಟ್ಟಿದ್ದೇನೆ: ಹಳೇ ನಂಬರ್, ಹೊಸ ನಂಬರ್, ಏನು ತೊಂದರೆ ಅಂತ ಬಂದರು, ಏನು ಕೆಲಸ ಮಾಡುತ್ತಾರೆ. ತಯಾರಾಗಿ ಬಂದ ಪ್ರತಿ ಚಷ್ಮಾವನ್ನೂ ಕೊಡುವ ಮೊದಲು ಲೆನ್ಸೋಮೀಟರಿನಲ್ಲಿ ನೋಡಿ ಚೀಟಿಯ ಜೊತೆ ತಾಳೆ ಹಾಕುವುದನ್ನು ಅಂಗಡಿಯ ಹುಡುಗನಿಗೆ ಕಲಿಸಿದ್ದೇನೆ. ಯಾರಾದರೂ "ಸರಿ ಕಾಣುತ್ತಿಲ್ಲ" ಅಂತ ಬಂದರೆ "ರೂಢಿ ಆಗುತ್ತದೆ" ಅನ್ನುವ ಮಾತು ಆಡಕೂಡದು, ನನಗೆ ಫೋನ್ ಮಾಡಬೇಕು. ಈ ಕರಾರಿಗೆ ಒಪ್ಪದ ಒಂದು ಅಂಗಡಿಯನ್ನು ನಾನು ಬಿಟ್ಟಿದ್ದೇನೆ.

ಎರಡನೇ ಕರಾರು ನಿಮಿಷದ್ದು. ಹೊಸಬರಿಗೆ 20 ನಿಮಿಷ ಬೇಕು. ಹಳೇ ಚಷ್ಮಾದ ನಂಬರ್ ತೆಗೆಯಬೇಕು, ಒಂದೊಂದೇ ಕಣ್ಣು ಮುಚ್ಚಿ ಓದಿಸಬೇಕು, ರೆಟಿನೋಸ್ಕೋಪ್ ಹಿಡಿಯಬೇಕು, ಗಾಜು ಬದಲಿಸಿ "ಇದು ಚೆಂದವೋ ಅದು ಚೆಂದವೋ" ಅಂತ ಕೇಳಬೇಕು, ಹತ್ತಿರದ್ದು ನೋಡಬೇಕು. ಮೊದಲ ಸಲ ಸಿಲಿಂಡರ್ ಹಾಕಿಕೊಳ್ಳುವವರನ್ನು ಪರೀಕ್ಷೆಯ ಗಾಜು ಕೂರಿಸಿದ ಟ್ರಯಲ್ ಫ್ರೇಮಿನಲ್ಲೇ ಬಾಗಿಲವರೆಗೆ ನಡೆಸಿ, ರಸ್ತೆ ನೋಡಿಸಿ ಕರೆತರಬೇಕು. ಮೂರು ಗಂಟೆಗೆ 9 ಜನ. ಅಂಗಡಿಯವರು 20 ಜನ ಅಂದರೆ ಅವರಿಗೆ ಬೇಕಾಗಿರುವುದು ಕಣ್ಣು ನೋಡುವವರಲ್ಲ.

ಕಮಿಷನ್ ಬೇಡ ಅನ್ನಿ. ಅವಧಿಗೆ ಇಷ್ಟು ಅಂತ ಕೇಳಿ, ಸ್ವಲ್ಪ ಜಾಸ್ತಿಯೇ ಕೇಳಿ. ಎಷ್ಟೋ ಜನರಿಗೆ ನಂಬರ್ 0.25 ಬದಲಾಗಿರುತ್ತದೆ, ಅಷ್ಟೇ. "ಹಳೇ ಚಷ್ಮಾನೇ ಸಾಕು, ಒರೆಸಿಕೊಂಡು ಹಾಕಿಕೊಳ್ಳಿ" ಅಂತ ಹೇಳಬೇಕಾಗುತ್ತದೆ. ಒಂದೊಂದು ಚಷ್ಮಾದ ಮೇಲೆ ನಿಮ್ಮ ದುಡ್ಡು ಕೂತಿದ್ದರೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮನೆಯವರ ಮಾತಿಗೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ನನ್ನ ಮನೆಯಲ್ಲೂ ಎರಡು ವರ್ಷ ಆ ಮಾತು ಇತ್ತು. ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಕೂತು, ಉಣಕಲ್ ಕೆರೆ ದಾಟುವ ಹೊತ್ತಿಗೆ ಅವತ್ತು ಯಾರನ್ನು ಮತ್ತೆ ಬರಲು ಹೇಳಿದ್ದೆ ಅಂತ ನೆನಪು ಮಾಡಿಕೊಳ್ಳುತ್ತೇನೆ. ಆಗ ಅದು ನನಗೆ ಅರ್ಧ ಅಂತ ಅನಿಸಿದ್ದೇ ಇಲ್ಲ. ಅತ್ತೆಯ ಪೊರೆ ಆಪರೇಷನ್ ಆದ ಮೇಲೆ ಅವರೇ ಆ ಮಾತು ನಿಲ್ಲಿಸಿದರು.

ಪ್ರಶ್ನೆ: ಮೇಡಂ, ನಮ್ಮದು ರಾಣೆಬೆನ್ನೂರಿನಲ್ಲಿ ಸಣ್ಣ ಆಪ್ಟಿಕಲ್ ಅಂಗಡಿ. ಆಪ್ಟೋಮೆಟ್ರಿಸ್ಟ್ ವಾರಕ್ಕೆ ಎರಡೇ ದಿನ ಬರುತ್ತಾರೆ. ಉಳಿದ ದಿನ ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ. ಕಣ್ಣಿನ ನಂಬರ್ ತೋರಿಸುವ ಕಂಪ್ಯೂಟರ್ ಮಷೀನ್ ಇದೆ. ಅದರ ಚೀಟಿ ನೋಡಿ ಚಷ್ಮಾ ಮಾಡಿಕೊಡಬಹುದಾ?
— ಒಬ್ಬ ಅಂಗಡಿಯವರು, ರಾಣೆಬೆನ್ನೂರು

ಉತ್ತರ: ಬೇಡ ಅಣ್ಣ. ಮಷೀನ್ ಕೊಡುವುದು ಎಲ್ಲಿಂದ ಶುರು ಮಾಡಬೇಕು ಅನ್ನುವ ಸುಳಿವು. ಮಕ್ಕಳ ವಿಷಯದಲ್ಲಂತೂ ಅದನ್ನು ನಂಬಲೇಬೇಡಿ. ಮಷೀನಿನೊಳಗಿನ ಚಿತ್ರವನ್ನು ಮಗು ಹತ್ತಿರದ್ದು ಅಂತ ತಿಳಿದು ಕಣ್ಣು ಬಿಗಿ ಹಿಡಿಯುತ್ತದೆ, ನಿಜಕ್ಕೂ ಇಲ್ಲದ ಮೈನಸ್ ಚೀಟಿಯಲ್ಲಿ ಬರುತ್ತದೆ. ಬ್ಯಾಡಗಿ ಕಡೆಯಿಂದ ಒಂಬತ್ತು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಎಲ್ಲೋ ಮಷೀನ್ ಚೀಟಿ ನೋಡಿ ಮೈನಸ್ 1.75 ಚಷ್ಮಾ ಮಾಡಿಸಿದ್ದರು. ಹುಡುಗಿ ಅದನ್ನು ಹಣೆಯ ಮೇಲೆ ಏರಿಸಿಕೊಂಡೇ ಓದುತ್ತಿದ್ದಳು. ಔಷಧದ ಹನಿ ಹಾಕಿ ಕಣ್ಣಿನ ಬಿಗಿ ಸಡಿಲ ಆದ ಮೇಲೆ ನೋಡಿದರೆ ನಂಬರೇ ಇಲ್ಲ.

ಆ ಐದು ದಿನ ನೀವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಫ್ರೇಮ್ ಸರಿ ಕೂರಿಸುವುದು, ಎರಡು ಪಾಪೆಗಳ ನಡುವಿನ ಅಳತೆ ತೆಗೆಯುವುದು, ಬಂದ ಗಾಜು ತಾಳೆ ನೋಡುವುದು, ಯಾರು ಬಂದಿದ್ದರು ಅಂತ ಬರೆದಿಟ್ಟು ಆ ಎರಡು ದಿನಕ್ಕೆ ಸಮಯ ಕೊಡುವುದು. ನಿಮ್ಮ ಹಾವೇರಿ ಜಿಲ್ಲೆಯಲ್ಲಿ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಉಚಿತ ಚಷ್ಮಾ ಸಿಕ್ಕವರು ಇದ್ದಾರೆ. ಕಿವಿಯ ಹಿಂದೆ ಒತ್ತುತ್ತದೆ ಅಂತ ಬಂದರೆ ಕಡ್ಡಿ ಬಾಗಿಸಿ ಕೊಡಿ, ದುಡ್ಡು ತಗೋಬೇಡಿ. ಮುಂದೆ ಅವರು ನಿಮ್ಮಲ್ಲಿಗೇ ಬರುತ್ತಾರೆ.

ಒಂದು ಮಾತು ಕೇಳದಿದ್ದರೂ ಹೇಳುತ್ತೇನೆ. ಜೋಳದ ಗರಿ, ಭತ್ತದ ಹುಲ್ಲು ಕಣ್ಣಿಗೆ ತಾಗಿ ಕೆಂಪಾಗಿ ಬಂದವರಿಗೆ ಯಾವ ಡ್ರಾಪ್ಸೂ ಹೇಳಬೇಡಿ. ಅಂಥ ಗಾಯದಲ್ಲಿ ಬೂಷ್ಟು ಸೇರಿ ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಸ್ಟೀರಾಯ್ಡ್ ಡ್ರಾಪ್ಸ್ ಬಿದ್ದರೆ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಹುಣ್ಣು ದೊಡ್ಡದಾಗುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

ಪ್ರಶ್ನೆ: ನಾನು ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಆಪ್ಟೋಮೆಟ್ರಿಸ್ಟ್ ಅಂದರೆ ಕಣ್ಣಿನ ಡಾಕ್ಟರಾ? ಎಷ್ಟು ವರ್ಷದ ಓದು?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಡಾಕ್ಟರ್ ಅಲ್ಲಮ್ಮ. ಕಣ್ಣಿನ ಡಾಕ್ಟರು ಎಂಬಿಬಿಎಸ್ ಮುಗಿಸಿ ಮೇಲೆ ಕಣ್ಣಿನ ವಿಷಯವನ್ನೇ ಓದಿರುತ್ತಾರೆ. ಔಷಧ, ಆಪರೇಷನ್ ಅವರ ಕೆಲಸ. ನಾವು ದೃಷ್ಟಿ ಅಳೆದು ನಂಬರ್ ಕೊಡುತ್ತೇವೆ, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುತ್ತೇವೆ, ಸೋಮಾರಿ ಕಣ್ಣಿನ (ಒಂದು ಕಣ್ಣು ಸರಿಯಾಗಿ ನೋಡಲು ಕಲಿಯದ) ಮಕ್ಕಳಿಗೆ ಅಭ್ಯಾಸ ಮಾಡಿಸುತ್ತೇವೆ, ಒಳಗೆ ಕಾಯಿಲೆ ಇದೆ ಅನಿಸಿದರೆ ಡಾಕ್ಟರಿಗೆ ಕಳಿಸುತ್ತೇವೆ. ಬಿ.ಆಪ್ಟೋಮ್ ಹಿಂದೆ ನಾಲ್ಕು ವರ್ಷ ಇತ್ತು, ಈಗ ಎಷ್ಟು ಅಂತ ಕಾಲೇಜಿನಲ್ಲಿ ಕೇಳಿಕೋ. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. 2021ರಲ್ಲಿ ಡಾಕ್ಟರ್, ನರ್ಸ್ ಬಿಟ್ಟು ಆರೋಗ್ಯ ಕ್ಷೇತ್ರದ ಬೇರೆ ಹಲವು ವೃತ್ತಿಗಳಿಗಾಗಿ ಕೇಂದ್ರದ ಕಾಯ್ದೆ ಬಂತು, ಆಪ್ಟೋಮೆಟ್ರಿಸ್ಟರೂ ಅದರಲ್ಲಿ ಸೇರಿದ್ದಾರೆ. ಹಾಗಾಗಿ ಮಾನ್ಯತೆ ಇರುವ ಕಾಲೇಜನ್ನೇ ನೋಡಿ ಸೇರು. ಇಂಟರ್ನ್‌ಶಿಪ್ ವರ್ಷ ರೋಗಿಗಳು ಜಾಸ್ತಿ ಬರುವ ಆಸ್ಪತ್ರೆ ಹಿಡಿ. ಹುಬ್ಬಳ್ಳಿಯಂಥ ಊರಿನಲ್ಲಿ ಗದಗ, ಹಾವೇರಿ, ಕೊಪ್ಪಳದ ಕಣ್ಣುಗಳೆಲ್ಲ ಬರುತ್ತವೆ, ಕಲಿಯುವವರಿಗೆ ಅದೇ ದೊಡ್ಡ ಆಸ್ತಿ.

ಪ್ರಶ್ನೆ: ನಮ್ಮ ಅಪ್ಪ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾರೆ, ವಯಸ್ಸು 52. ಕ್ಯಾಂಪಿನಲ್ಲಿ +2.25 ಅಂತ ಚಾಳೀಸು ಕೊಟ್ಟರು. ಪೇಪರ್ ಚೆನ್ನಾಗಿ ಓದುತ್ತಾರೆ. ಮಗ್ಗಕ್ಕೆ ಕೂತರೆ ಎಳೆ ಮಂಜು ಅಂತಾರೆ. ನಂಬರ್ ತಪ್ಪಾಗಿದೆಯಾ?
— ಮಗಳು, ಬೆಟಗೇರಿ

ಉತ್ತರ: ನಂಬರ್ ತಪ್ಪಿಲ್ಲ ತಂಗಿ. ದೂರ ಬೇರೆ, ಅಷ್ಟೇ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗಿ ಹತ್ತಿರಕ್ಕೆ ಹೊಂದಿಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಕಡೆ ಆ ಚಷ್ಮಾಕ್ಕೆ ಚಾಳೀಸು, ಅಂದರೆ ನಲವತ್ತು, ಅಂತಲೇ ಹೆಸರು. ಆದರೆ ಹತ್ತಿರ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಒಂದು ಸುಲಭದ ಲೆಕ್ಕ ಇದೆ. ನೂರನ್ನು ದೂರದ ಸೆಂಟಿಮೀಟರಿನಿಂದ ಭಾಗಿಸಿ. ಪೇಪರ್ ಹಿಡಿಯುವುದು 40 ಸೆಂ.ಮೀ.ಗೆ, ಅಲ್ಲಿ ಕಣ್ಣಿಗೆ ಬೇಕಾಗುವುದು 2.50. ಮಗ್ಗದ ಮೇಲಿನ ಬಟ್ಟೆ 65 ಸೆಂ.ಮೀ. ದೂರ ಇದ್ದರೆ ಬೇಕಾಗುವುದು ಸುಮಾರು 1.50 ಮಾತ್ರ. ಅದರಲ್ಲಿ ಸ್ವಲ್ಪ ಅಪ್ಪನ ಕಣ್ಣೇ ಎಳೆದುಕೊಳ್ಳುತ್ತದೆ, ಉಳಿದಿದ್ದನ್ನು ಗಾಜು ಕೊಡಬೇಕು. ಜಾಸ್ತಿ ಕೊಟ್ಟರೆ ಎಳೆ ಮಂಜಾಗುತ್ತದೆ, ಅವರು ಬಗ್ಗಿ ಬಗ್ಗಿ ನೇಯುತ್ತಾರೆ, ಸಂಜೆಗೆ ಕತ್ತು ಹಿಡಿಯುತ್ತದೆ. ಕತ್ತು ನೋವು ಅಂತ ಹೇಳುತ್ತಾರಾ? ಕೇಳಿ ನೋಡಿ.

ಕ್ಯಾಂಪಿನವರನ್ನು ನಾನು ದೂರುವುದಿಲ್ಲ. ನಾನೂ ನವಲಗುಂದ ಕಡೆಯ ಕ್ಯಾಂಪುಗಳಿಗೆ ಹೋಗಿದ್ದೇನೆ. ಮಧ್ಯಾಹ್ನದೊಳಗೆ ನೂರಾರು ಜನ, "ಏನು ಕೆಲಸ ಮಾಡ್ತೀರಿ" ಅಂತ ಕೇಳುವಷ್ಟು ಉಸಿರು ಇರುವುದಿಲ್ಲ. ಆ ಪ್ರಶ್ನೆ ಎಷ್ಟು ಮುಖ್ಯ ಅಂತ ನನಗೆ ಕಲಿಸಿದ್ದು ಧಾರವಾಡದ ಒಬ್ಬ ಕಸೂತಿ ಮಾಡುವ ತಾಯಿ. ಅವರದು ನಿಮ್ಮ ಅಪ್ಪನ ತೊಂದರೆಗೆ ಪೂರ್ತಿ ಉಲ್ಟಾ. ಪುಸ್ತಕ ಓದಲು ಕೊಟ್ಟ ಚಷ್ಮಾದಲ್ಲಿ ಕಸೂತಿ ಕಾಣುತ್ತಿರಲಿಲ್ಲ. ಹೇಗೆ ಹಿಡಿಯುತ್ತೀರಿ ತೋರಿಸಿ ಅಂದೆ. ಚೀಲದಿಂದ ಕಪ್ಪು ಚಂದ್ರಕಾಳಿ ಸೀರೆ ತೆಗೆದು, ಸೂಜಿ ಹಿಡಿದು, ಮೂಗಿನ ಹತ್ತಿರ ತಂದರು. ಅಳೆದರೆ 28 ಸೆಂ.ಮೀ. ಕಸೂತಿಯಲ್ಲಿ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು. ಕಪ್ಪಿನ ಮೇಲೆ ಕಪ್ಪು ಎಳೆ ಎಣಿಸುವುದು ಅಂದರೆ ಏನು ಹುಡುಗಾಟವಾ? ಅವರಿಗೆ ಓದುವುದಕ್ಕಿಂತ ಜಾಸ್ತಿ ನಂಬರಿನ ಬೇರೆ ಚಷ್ಮಾ ಬೇಕಿತ್ತು. ಹೋಗುವಾಗ ಅವರೇ ನನಗೊಂದು ಉಪಾಯ ಹೇಳಿದರು, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕಪ್ಪು ಸೀರೆ ಇಟ್ಟುಕೊಂಡರೆ ಎಳೆಗಳ ನಡುವಿನ ಸಂದು ಕಾಣುತ್ತದೆ ಅಂತ. ಈಗ ಕಸೂತಿ ಮಾಡುವವರು ಯಾರೇ ಬಂದರೂ ನಾನು ಅದನ್ನೇ ಹೇಳುತ್ತೇನೆ.

ಅಪ್ಪನಿಗೆ ಮಗ್ಗಕ್ಕೆ ಅಂತಲೇ ಒಂದು ಸಾದಾ ಚಷ್ಮಾ ಮಾಡಿಸಿ. ಎರಡು ಭಾಗದ ಬೈಫೋಕಲ್ ಬೇಡ. ಕೆಳಗಿನ ತುಂಡಿನಲ್ಲಿ ನೋಡಿದರೆ ಬಟ್ಟೆ ಮತ್ತೆ ಮಂಜಾಗುತ್ತದೆ. ಎಷ್ಟು ನಂಬರ್ ಅಂತ ಪತ್ರದಲ್ಲಿ ಹೇಳಲು ಬರುವುದಿಲ್ಲ, ಅವರ ಕಣ್ಣು ನೋಡಬೇಕು. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ, ಅಲ್ಲಿಗೇ ಕರೆದುಕೊಂಡು ಹೋಗಿ. ಹೋದಾಗ ಕಣ್ಣಿನ ಒತ್ತಡ ನೋಡಿಸಿ, ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಸಕ್ಕರೆ ಏರಿಳಿತ ಆಗುತ್ತಿದ್ದರೆ ನಂಬರೂ ಏರಿಳಿತ ಆಗುತ್ತದೆ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಅಪ್ಪ ಮಗ್ಗದಲ್ಲಿ ಕೂತು ಲಾಳಿ ಹಾಕುತ್ತಿರುವಾಗ, ಅವರ ಕಣ್ಣಿನ ಪಕ್ಕದಿಂದ ಎಳೆ ಕೂಡುವ ಜಾಗದವರೆಗೆ ಒಂದು ದಾರ ಹಿಡಿದು ಕತ್ತರಿಸಿಕೊಳ್ಳಿ. ಆ ದಾರವನ್ನು ಚೀಟಿಯ ಜೊತೆ ಒಯ್ದು ತಪಾಸಣೆ ಮಾಡುವವರ ಕೈಯಲ್ಲಿ ಕೊಡಿ. ಅಳೆಯುವಾಗ ಅಪ್ಪನಿಗೆ ನೆಟ್ಟಗೆ ಕೂತುಕೊಳ್ಳಿ ಅಂತ ಹೇಳಬೇಡಿ. ಚಾಳೀಸು ತೆಗೆಸಿ. ಅದು ಬರುವ ಮೊದಲು ಇಷ್ಟು ವರ್ಷ ಹೇಗೆ ಕೂತು ನೇಯುತ್ತಿದ್ದರೋ ಹಾಗೇ ಕೂರಲಿ.